ಸ್ಕೈರಿಮ್ ಸ್ಪೆಷಲ್ ಎಡಿಷನ್ ಮಾಡ್: ಕಮಾಂಡ್ ಲೈನ್‌ನಿಂದ ಕಂಪೈಲ್ ಮಾಡಿ ಬಿಎಸ್‌ಎ ಕಟ್ಟುವುದು ಹೇಗೆ?

ಬೂದುಗುಬ್ಬಿ (ಪ್ರಶ್ನೆ)

ಸ್ಕೈರಿಮ್ ಆಟದ ಸ್ಪೆಷಲ್ ಎಡಿಷನ್‌ಗೆ ಒಂದು ಕ್ವೆಸ್ಟ್ ಮಾಡ್ (ಆಟಕ್ಕೆ ಹೊಸ ಕಥೆ ಸೇರಿಸುವ ಹೆಚ್ಚುವರಿ ಭಾಗ) ಬಹುತೇಕ ಸಿದ್ಧವಾಗಿದೆ. ಒಂದು ಇಎಸ್‌ಪಿ (ಮಾಡ್‌ನ ಪ್ಲಗಿನ್ ಫೈಲ್), ಆಟದ ಸ್ಕ್ರಿಪ್ಟ್ ಭಾಷೆಯಾದ ಪಪೈರಸ್‌ನ ಒಂಬತ್ತು ಸ್ಕ್ರಿಪ್ಟ್, ಸ್ಕೈಯುಐ ಎಂಬ ಇನ್ನೊಂದು ಮಾಡ್ ಮೂಲಕ ಬರುವ ಎಂಸಿಎಂ ಮೆನು (ಮಾಡ್‌ನ ಸೆಟ್ಟಿಂಗ್‌ಗಳ ಮೆನು), ಹೊಸ ಪಾತ್ರವೊಂದರ ಧ್ವನಿ ಫೈಲ್‌ಗಳು, ಸ್ವಲ್ಪ ಮೆಶ್ (3ಡಿ ಆಕಾರ), ಸ್ವಲ್ಪ ಟೆಕ್ಸ್‌ಚರ್ (ಮೇಲ್ಮೈಯ ಚಿತ್ರ), ಇಷ್ಟೇ ಇರುವುದು. ಪ್ರತಿ ಸಲ ಕ್ರಿಯೇಷನ್ ಕಿಟ್ (ಆಟದ ಅಧಿಕೃತ ಎಡಿಟರ್) ತೆರೆಯುವ ಬದಲು ಒಂದೇ ಬ್ಯಾಚ್ ಫೈಲ್ ಓಡಿಸಿದರೆ ಸ್ಕ್ರಿಪ್ಟ್ ಕಂಪೈಲ್ ಆಗಿ, ಬಿಎಸ್‌ಎ (ಹಲವು ಫೈಲ್‌ಗಳನ್ನು ಒಂದಾಗಿಸಿದ, ಆಟ ಓದುವ ಆರ್ಕೈವ್) ಕಟ್ಟಿ, ಹಂಚುವ ಫೈಲ್ ತಯಾರಾಗಬೇಕು. ಈಗ ಬಳಸುತ್ತಿರುವ ಸಾಲು ಇದು:

ಪಪೈರಸ್‌ಕಂಪೈಲರ್.ಎಕ್ಸ್‌ಇ "ಡಿ:\ಮಾಡ್\ಸೋರ್ಸ್" -ಆಲ್ -ಎಫ್="ಟಿಇಎಸ್‌ವಿ_ಪಪೈರಸ್_ಫ್ಲ್ಯಾಗ್ಸ್.ಎಫ್‌ಎಲ್‌ಜಿ" -ಐ="ಆಟ\ಡೇಟಾ\ಸೋರ್ಸ್\ಸ್ಕ್ರಿಪ್ಟ್ಸ್;ಆಟ\ಡೇಟಾ\ಸ್ಕ್ರಿಪ್ಟ್ಸ್\ಸೋರ್ಸ್;ಡಿ:\ಎಸ್‌ಡಿಕೆ\ಸ್ಕೈಯುಐ" -ಓ="ಆಟ\ಡೇಟಾ\ಸ್ಕ್ರಿಪ್ಟ್ಸ್"

("ಆಟ" ಎಂದರೆ ಆಟ ಇನ್‌ಸ್ಟಾಲ್ ಆಗಿರುವ ಫೋಲ್ಡರ್‌ನ ಪೂರ್ತಿ ಪಾಥ್.)

ಮೂರು ತೊಂದರೆಗಳಿವೆ.

ಒಂದು: ಎಂಸಿಎಂ ಸ್ಕ್ರಿಪ್ಟ್ ಕಂಪೈಲ್ ಆಗುತ್ತಿಲ್ಲ. ಎರರ್ ಬರುವುದು ನನ್ನ ಫೈಲ್‌ನಲ್ಲಲ್ಲ, ಸ್ಕೈಯುಐ ಎಸ್‌ಡಿಕೆಯ (ಮಾಡ್ ಬರೆಯುವವರಿಗೆಂದು ಕೊಟ್ಟ ಸೋರ್ಸ್) ಸ್ಕ್ರಿಪ್ಟ್‌ನಲ್ಲಿ. ರಿಜಿಸ್ಟರ್‌ಫಾರ್‌ಮಾಡ್‌ಈವೆಂಟ್ ಎಂಬ ಫಂಕ್ಷನ್ನೇ ಇಲ್ಲ ಎನ್ನುತ್ತದೆ.

ಎರಡು: ಉಳಿದ ಸ್ಕ್ರಿಪ್ಟ್‌ಗಳನ್ನು ತಿದ್ದಿ ಬಿಎಸ್‌ಎ ಕಟ್ಟಿ ಹಾಕಿದರೂ ಈ ಕಂಪ್ಯೂಟರ್‌ನಲ್ಲಿ ಆಟ ಹಳೆಯ ಸ್ಕ್ರಿಪ್ಟ್‌ನಂತೆಯೇ ನಡೆದುಕೊಳ್ಳುತ್ತದೆ. ಅದೇ ಬಿಎಸ್‌ಎ ಇನ್ನೊಂದು ಕಂಪ್ಯೂಟರ್‌ಗೆ ಹಾಕಿದರೆ ಕ್ವೆಸ್ಟ್ ಶುರುವಾಗುತ್ತದೆ, ಆದರೆ ಪಾತ್ರದ ಜೊತೆ ಮಾತಿನ ಆಯ್ಕೆಗಳೇ ಕಾಣುವುದಿಲ್ಲ.

ಮೂರು: ಬಿಎಸ್‌ಎಯಿಂದ ಓಡಿಸಿದಾಗ ಧ್ವನಿ ಬರುವುದಿಲ್ಲ, ಸಬ್‌ಟೈಟಲ್ ಕ್ಷಣಮಾತ್ರ ಮಿಂಚಿ ಹೋಗುತ್ತದೆ. ಬಿಡಿ ಫೈಲ್ ಆಗಿ ಇಟ್ಟರೆ ಧ್ವನಿ ಸರಿಯಾಗಿದೆ. ಪ್ಯಾಕ್ ಮಾಡಲು ಬಿಎಸ್‌ಆರ್ಚ್ ಬಳಸುತ್ತಿದ್ದೇನೆ, -ಎಸ್‌ಎಸ್‌ಇ ಮತ್ತು -ಝಡ್ ಕೊಟ್ಟು.

---

ಅಡ್ಡಗೆರೆ

ಮೊದಲನೆಯದನ್ನು ಮೊದಲು ಬಿಡಿಸೋಣ, ಕಂಪೈಲ್ ಆಗದೆ ಮುಂದಿನದೇನೂ ಇಲ್ಲ.

ನಿಮ್ಮ -ಐ ಪಟ್ಟಿಯ ಕ್ರಮ ತಲೆಕೆಳಗಾಗಿದೆ. ಕಂಪೈಲರ್ ಒಂದು ಸ್ಕ್ರಿಪ್ಟ್ ಹೆಸರು ಕಂಡಾಗ ಆ ಪಟ್ಟಿಯ ಫೋಲ್ಡರ್‌ಗಳನ್ನು ಎಡದಿಂದ ಹುಡುಕುತ್ತದೆ, ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಎಸ್‌ಕೆಎಸ್‌ಇ (ಆಟದ ಸ್ಕ್ರಿಪ್ಟ್‌ಗಳಿಗೆ ಹೊಸ ಫಂಕ್ಷನ್ ಸೇರಿಸುವ ಹೊರಗಿನ ಸಾಧನ) ತನ್ನ ಹೊಸ ಫಂಕ್ಷನ್‌ಗಳನ್ನು ಬೇರೆ ಹೆಸರಿನ ಫೈಲ್‌ಗಳಲ್ಲಿ ಮಾತ್ರ ಇಟ್ಟಿಲ್ಲ. ಆಟದ ಮೂಲ ಸ್ಕ್ರಿಪ್ಟ್‌ಗಳಾದ ಫಾರ್ಮ್, ಆಕ್ಟರ್, ಗೇಮ್ ಮುಂತಾದವುಗಳ ವಿಸ್ತರಿಸಿದ ಪ್ರತಿಗಳನ್ನು ಅದೇ ಹೆಸರಿನಲ್ಲಿ ಕೊಡುತ್ತದೆ. ರಿಜಿಸ್ಟರ್‌ಫಾರ್‌ಮಾಡ್‌ಈವೆಂಟ್ ಇರುವುದು ಎಸ್‌ಕೆಎಸ್‌ಇಯ ಫಾರ್ಮ್.ಪಿಎಸ್‌ಸಿಯಲ್ಲಿ (ಪಿಎಸ್‌ಸಿ ಎಂದರೆ ಸ್ಕ್ರಿಪ್ಟ್‌ನ ಸೋರ್ಸ್ ಫೈಲ್). ನಿಮ್ಮ ಪಟ್ಟಿಯಲ್ಲಿ ಆಟದ ಮೂಲ ಫೋಲ್ಡರ್ ಮೊದಲಿರುವುದರಿಂದ ಅಲ್ಲಿನ ಫಾರ್ಮ್.ಪಿಎಸ್‌ಸಿ ಸಿಕ್ಕಿ, ಅದರಲ್ಲಿ ಆ ಫಂಕ್ಷನ್ ಇಲ್ಲದೆ ಕಂಪೈಲರ್ ನಿಂತುಬಿಡುತ್ತದೆ.

ಸರಿಯಾದ ಕ್ರಮ ಹೀಗಿರಲಿ: ನಿಮ್ಮ ಸೋರ್ಸ್, ಆಮೇಲೆ ಸ್ಕೈಯುಐ ಎಸ್‌ಡಿಕೆ, ಆಮೇಲೆ ಎಸ್‌ಕೆಎಸ್‌ಇ, ಎಲ್ಲಕ್ಕಿಂತ ಕೊನೆಗೆ ಆಟದ ಮೂಲ. ಸಾಮಾನ್ಯವಾದದ್ದು ಕೊನೆಗೆ, ಅದನ್ನು ಮೀರಿಸುವಂಥದ್ದು ಮುಂದೆ.

ಎರಡು ಫೋಲ್ಡರ್‌ಗಳ ಹೆಸರು ಅದಲುಬದಲಾಗಿ ಕಾಣುವುದಕ್ಕೂ ಕಾರಣವಿದೆ. 2011ರ ಮೂಲ ಸ್ಕೈರಿಮ್‌ನಲ್ಲಿ ಸೋರ್ಸ್ ಇರುತ್ತಿದ್ದದ್ದು ಡೇಟಾ\ಸ್ಕ್ರಿಪ್ಟ್ಸ್\ಸೋರ್ಸ್ ಒಳಗೆ. 2016ರ ಸ್ಪೆಷಲ್ ಎಡಿಷನ್‌ನಲ್ಲಿ ಅದು ಡೇಟಾ\ಸೋರ್ಸ್\ಸ್ಕ್ರಿಪ್ಟ್ಸ್ ಆಯಿತು. ಎಸ್‌ಕೆಎಸ್‌ಇ ಮತ್ತು ಅನೇಕ ಮಾಡ್‌ಗಳು ಹಳೆಯ ಜಾಗವನ್ನೇ ಮುಂದುವರಿಸಿವೆ. ಆದ್ದರಿಂದ ಎರಡನ್ನೂ ಕೊಡಲೇಬೇಕು. ಆಟದ ಮೂಲ ಸೋರ್ಸ್ ತಾನಾಗಿ ಬಿಚ್ಚಿಕೊಂಡಿರುವುದಿಲ್ಲ. ಕ್ರಿಯೇಷನ್ ಕಿಟ್ ಜೊತೆ ಡೇಟಾ ಫೋಲ್ಡರ್‌ಗೆ ಬರುವ ಸ್ಕ್ರಿಪ್ಟ್ಸ್.ಜಿಪ್ ಅನ್ನು ಬಿಚ್ಚಿರಬೇಕು. -ಎಫ್‌ಗೆ ಕೊಡುವ ಫ್ಲ್ಯಾಗ್ ಫೈಲ್ ಕೂಡ ಅದೇ ಜಿಪ್‌ನಲ್ಲಿದೆ, ಅದಿರುವ ಫೋಲ್ಡರ್ -ಐ ಪಟ್ಟಿಯಲ್ಲಿ ಇರಲೇಬೇಕು. ಹಿಡನ್, ಕಂಡಿಷನಲ್ ಎಂಬ ಫ್ಲ್ಯಾಗ್‌ಗಳ ಅರ್ಥ ಕಂಪೈಲರ್‌ಗೆ ಗೊತ್ತಾಗುವುದು ಆ ಫೈಲ್‌ನಿಂದಲೇ.

ನಿಮ್ಮ ಸೋರ್ಸ್ ಫೋಲ್ಡರ್ -ಐ ಪಟ್ಟಿಯಲ್ಲಿ ಇಲ್ಲದಿರುವುದನ್ನೂ ಸರಿಮಾಡಿ. ನಿಮ್ಮ ಒಂದು ಸ್ಕ್ರಿಪ್ಟ್ ಇನ್ನೊಂದನ್ನು ಪ್ರಾಪರ್ಟಿಯಾಗಿ ಬಳಸುತ್ತಿದ್ದರೆ ಅದರ ಸೋರ್ಸ್ ಎಲ್ಲಿದೆ ಎಂದು ಕಂಪೈಲರ್‌ಗೆ ತಿಳಿಯಬೇಕಲ್ಲ.

ಕಮಾಂಡ್ ಬರೆಯುವಾಗ ತೊಡರುವ ಸಣ್ಣ ಸಂಗತಿಗಳು ಇನ್ನೆರಡಿವೆ. ಪಾಥ್‌ನ ಕೊನೆಗೆ ಹಿಂದೋರೆ ಗೆರೆ ಇಟ್ಟು ಉದ್ಧರಣ ಚಿಹ್ನೆ ಮುಚ್ಚಬೇಡಿ, ಅಂದರೆ "ಡಿ:\ಮಾಡ್\ಔಟ್\" ಎಂದು ಬರೆಯಬೇಡಿ. ಆ ಗೆರೆ ಚಿಹ್ನೆಯನ್ನು ನುಂಗಿ, ಮುಂದಿನ ಆಯ್ಕೆಗಳೆಲ್ಲ ಪಾಥ್‌ನ ಭಾಗವೆಂದು ಓದಿಕೊಳ್ಳುತ್ತದೆ. ಆಗ ಬರುವ ಎರರ್‌ಗೂ ನಿಜವಾದ ಕಾರಣಕ್ಕೂ ಸಂಬಂಧವೇ ಇರುವುದಿಲ್ಲ. ಇನ್ನೊಂದು, ಇದನ್ನು ಪವರ್‌ಶೆಲ್‌ನಲ್ಲಿ ಹಾಗೇ ಅಂಟಿಸಬೇಡಿ. ಅಲ್ಲಿ ಉದ್ಧರಣದ ಹೊರಗಿನ ಅರ್ಧವಿರಾಮ ಎಂದರೆ ಕಮಾಂಡ್ ಮುಗಿಯಿತು ಎಂದರ್ಥ, ಚುಕ್ಕೆಯಿರುವ ಆಯ್ಕೆಗಳನ್ನೂ ಅದು ಬೇರೆ ರೀತಿ ಒಡೆಯುತ್ತದೆ. ಬ್ಯಾಚ್ ಫೈಲ್‌ನಲ್ಲೇ ಇಟ್ಟುಕೊಳ್ಳಿ.

ಎರರ್ ಸಾಲಿನಲ್ಲಿ ಫೈಲ್ ಹೆಸರಿನ ಪಕ್ಕ ಆವರಣದಲ್ಲಿ ಎರಡು ಸಂಖ್ಯೆಗಳಿರುತ್ತವೆ, ಸಾಲು ಮತ್ತು ಕಾಲಮ್. ಯಾವಾಗಲೂ ಮೊಟ್ಟಮೊದಲ ಎರರ್ ಮಾತ್ರ ಸರಿಮಾಡಿ ಮತ್ತೆ ಓಡಿಸಿ. ಒಂದು ಟೈಪ್ ಸಿಗದಿದ್ದರೆ ಅದನ್ನು ಮುಟ್ಟಿದ ಸಾಲುಗಳೆಲ್ಲ ತಪ್ಪೆಂದು ತೋರುತ್ತವೆ, ಮೂವತ್ತು ಎರರ್‌ಗೆ ಮೂಲ ಒಂದೇ ಇರುವುದು ಮಾಮೂಲು.

---

ಹಳೇಕೊಡಲಿ

ನನಗೆ ಕಂಪೈಲ್ ಎರರ್‌ಗಿಂತ ಹೆಚ್ಚು ಆತಂಕ ತಂದದ್ದು ನಿಮ್ಮ -ಓ. ಔಟ್‌ಪುಟ್ ಅನ್ನು ನೇರವಾಗಿ ಆಟದ ಡೇಟಾ\ಸ್ಕ್ರಿಪ್ಟ್ಸ್‌ಗೆ ಬಿಡುತ್ತಿದ್ದೀರಿ. ನಿಮ್ಮ ಎರಡನೇ ತೊಂದರೆಯ ಮೊದಲರ್ಧ ಹುಟ್ಟಿದ್ದು ಅಲ್ಲೇ.

ಬಿಡಿ ಫೈಲ್ ಇದ್ದರೆ ಆಟ ಬಿಎಸ್‌ಎ ಒಳಗಿನದನ್ನು ನೋಡುವುದೇ ಇಲ್ಲ. ಡೇಟಾ\ಸ್ಕ್ರಿಪ್ಟ್ಸ್‌ನಲ್ಲಿ ಹಿಂದೊಮ್ಮೆ ಬಿದ್ದ ಪಿಇಎಕ್ಸ್ (ಕಂಪೈಲ್ ಆದ ಸ್ಕ್ರಿಪ್ಟ್) ಹಾಗೇ ಉಳಿದಿದ್ದರೆ, ಬಿಎಸ್‌ಎಯಲ್ಲಿ ಎಷ್ಟೇ ಹೊಸದು ಇಟ್ಟರೂ ಓಡುವುದು ಹಳೆಯದೇ. ಮಾಡ್ ಆರ್ಗನೈಸರ್ 2 (ಮಾಡ್‌ಗಳನ್ನು ನಿರ್ವಹಿಸುವ ಸಾಧನ) ಬಳಸುವವರಿಗೆ ಇದೇ ತೊಂದರೆ ಓವರ್‌ರೈಟ್ ಫೋಲ್ಡರ್ ರೂಪದಲ್ಲಿ ಬರುತ್ತದೆ: ಅದರ ಮೂಲಕ ಕಂಪೈಲರ್ ಓಡಿಸಿದಾಗ ಹೊರಬಂದ ಫೈಲ್‌ಗಳು ಅಲ್ಲಿ ಸೇರಿ, ಎಲ್ಲ ಮಾಡ್‌ಗಳ ಮೇಲೆ ಕುಳಿತುಕೊಳ್ಳುತ್ತವೆ. ಅದರ ಹೊರಗಿನಿಂದ ಓಡಿಸಿದರೆ ಮಾಡ್ ಆರ್ಗನೈಸರ್ ತೋರಿಸುವ ಫೈಲ್‌ಗಳು ಕಂಪೈಲರ್‌ಗೆ ಕಾಣುವುದಿಲ್ಲ, ಏಕೆಂದರೆ ಅವು ನಿಜವಾಗಿ ಡೇಟಾ ಫೋಲ್ಡರ್‌ನಲ್ಲಿ ಇಲ್ಲ. ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ನನ್ನ ಮಟ್ಟಿಗೆ ಹೊರಗಿನಿಂದಲೇ, ಪ್ರತಿ ಸೋರ್ಸ್ ಫೋಲ್ಡರ್‌ನ ನಿಜವಾದ ಪಾಥ್ ಕೊಟ್ಟು ಓಡಿಸುವುದು ಒಳ್ಳೆಯದು.

ಆಟದ ಫೋಲ್ಡರ್ ಓದುವುದಕ್ಕೆ ಮಾತ್ರ, ಬರೆಯುವುದಕ್ಕಲ್ಲ. ಈ ಒಂದು ಕಟ್ಟುಪಾಡು ಇಟ್ಟುಕೊಂಡರೆ ಪ್ಯಾಕಿಂಗ್‌ನ ಅರ್ಧಕ್ಕಿಂತ ಹೆಚ್ಚು ತೊಂದರೆ ಹತ್ತಿರ ಸುಳಿಯುವುದಿಲ್ಲ. ಮಾಡ್‌ಗೆಂದು ಬೇರೆ ಫೋಲ್ಡರ್ ಇರಲಿ, ಪ್ರೋಗ್ರಾಂ ಫೈಲ್ಸ್‌ನ ಹೊರಗೆ, ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಇಲ್ಲದಂತೆ:

ಸೋರ್ಸ್: ನಿಮ್ಮ ಪಿಎಸ್‌ಸಿ ಮಾತ್ರ
ಅಸೆಟ್ಸ್: ಮೆಶ್, ಟೆಕ್ಸ್‌ಚರ್, ಧ್ವನಿ, ಅನುವಾದ ಫೈಲ್
ಸ್ಟೇಜ್\ಮುಖ್ಯ: ಸ್ಕ್ರಿಪ್ಟ್ಸ್, ಮೆಶಸ್, ಸೌಂಡ್, ಸೆಕ್, ಇಂಟರ್‌ಫೇಸ್
ಸ್ಟೇಜ್\ಚಿತ್ರ: ಟೆಕ್ಸ್‌ಚರ್ಸ್
ಡಿಸ್ಟ್: ಇಎಸ್‌ಪಿಯ ನಕಲು ಮತ್ತು ತಯಾರಾದ ಬಿಎಸ್‌ಎಗಳು

ಬ್ಯಾಚ್ ಫೈಲ್ ಶುರುವಾದಾಗ ಸ್ಟೇಜ್ ಮತ್ತು ಡಿಸ್ಟ್ ಎರಡನ್ನೂ ಅಳಿಸಿ ಹೊಸದಾಗಿ ಸೃಷ್ಟಿಸಲಿ. ಕಂಪೈಲರ್‌ನ -ಓ ಸ್ಟೇಜ್\ಮುಖ್ಯ\ಸ್ಕ್ರಿಪ್ಟ್ಸ್‌ಗೆ ಇರಲಿ. ಕಂಪೈಲ್ ಮುಗಿದ ಮೇಲೆ ಸೋರ್ಸ್‌ನಲ್ಲಿರುವ ಪ್ರತಿ ಪಿಎಸ್‌ಸಿಗೂ ಒಂದೊಂದು ಪಿಇಎಕ್ಸ್ ಬಂದಿದೆಯೇ ಎಂದು ಬ್ಯಾಚ್ ಫೈಲ್ ನೋಡಬೇಕು, ಒಂದು ಕಡಿಮೆಯಿದ್ದರೂ ಅಲ್ಲೇ ನಿಲ್ಲಬೇಕು. ಫೋಲ್ಡರ್ ಖಾಲಿಯಿಂದ ಶುರುವಾಗಿರುವುದರಿಂದ ಹಳೆಯ ಪಿಇಎಕ್ಸ್ ಹೊಸದರಂತೆ ನಟಿಸುವ ಅವಕಾಶವೇ ಇಲ್ಲ.

ಅಸೆಟ್‌ಗಳನ್ನು ಸ್ಟೇಜ್‌ಗೆ ತರಲು ರೋಬೊಕಾಪಿ (ವಿಂಡೋಸ್‌ನ ನಕಲಿಸುವ ಕಮಾಂಡ್) ಬಳಸುವುದಾದರೆ ಎರಡು ಎಚ್ಚರಿಕೆ. ಅದು ಯಶಸ್ವಿಯಾಗಿ ಫೈಲ್ ನಕಲಿಸಿದಾಗ ಹಿಂತಿರುಗಿಸುವ ಸಂಖ್ಯೆ 0 ಅಲ್ಲ, 1. ಆದ್ದರಿಂದ ಎರರ್‌ಲೆವೆಲ್ 1 ಎಂದರೆ ನಿಲ್ಲಿಸು ಎಂದು ಬರೆದರೆ ಪ್ರತಿ ಸಲವೂ ನಿಲ್ಲುತ್ತದೆ. 8 ಅಥವಾ ಅದಕ್ಕೂ ಮೇಲಿದ್ದರೆ ಮಾತ್ರ ದೋಷ. ಇನ್ನೊಂದು, ಅದರ ಮಿರರ್ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲಿ ಅಳಿಸಿಬಿಡುತ್ತದೆ. ಆ ಗುರಿ ಯಾವತ್ತೂ ಆಟದ ಡೇಟಾ ಫೋಲ್ಡರ್ ಆಗಿರಕೂಡದು.

-ಆಲ್ (ಫೋಲ್ಡರ್‌ನ ಎಲ್ಲ ಸ್ಕ್ರಿಪ್ಟ್ ಕಂಪೈಲ್ ಮಾಡು ಎಂಬ ಆಯ್ಕೆ) ಬಗ್ಗೆ ಒಂದು ಗಂಭೀರ ಮಾತು. ಅದಕ್ಕೆ ನಿಮ್ಮ ಫೋಲ್ಡರ್ ಬಿಟ್ಟು ಅಪ್ಪಿತಪ್ಪಿಯೂ ಆಟದ ಮೂಲ ಸೋರ್ಸ್ ಫೋಲ್ಡರ್ ಕೊಡಬೇಡಿ. ಆಗ ಆಕ್ಟರ್.ಪಿಇಎಕ್ಸ್, ಫಾರ್ಮ್.ಪಿಇಎಕ್ಸ್ ಎಲ್ಲ ತಯಾರಾಗಿ ನಿಮ್ಮ ಬಿಎಸ್‌ಎಗೆ ಸೇರುತ್ತವೆ. ಅದನ್ನು ಹಾಕಿಕೊಂಡವರ ಆಟದಲ್ಲಿ ನಿಮ್ಮ ಪ್ರತಿಯೇ ಮೇಲುಗೈ ಪಡೆದು ಬೇರೆ ಮಾಡ್‌ಗಳ ಸ್ಕ್ರಿಪ್ಟ್‌ಗಳೂ ಕೆಡುತ್ತವೆ, ದೂರು ಮಾತ್ರ ಆ ಬೇರೆ ಮಾಡ್‌ಗಳ ಮೇಲೆ ಬರುತ್ತದೆ. ಬೇರೆಯವರ ಆಟ ಕೆಡಿಸುವ ಪ್ಯಾಕಿಂಗ್ ತಪ್ಪುಗಳಲ್ಲಿ ನನ್ನ ಲೆಕ್ಕದಲ್ಲಿ ಇದೇ ಅತಿ ಕೆಟ್ಟದ್ದು.

---

ನೀಲಿಕಲ್ಲು

ಮಾತಿನ ಆಯ್ಕೆ ಕಾಣದಿರುವುದಕ್ಕೂ ಸ್ಕ್ರಿಪ್ಟ್‌ಗೂ ಸಂಬಂಧವಿಲ್ಲ. ಸೆಕ್ ಫೈಲ್ ಇಲ್ಲ, ಅಷ್ಟೇ.

ಆಟ ಶುರುವಾದಾಗಲೇ ಚಾಲೂ ಆಗುವ ಕ್ವೆಸ್ಟ್‌ಗೆ ಸಂಭಾಷಣೆ ಜೋಡಿಸಿದ್ದರೆ, ಆ ಕ್ವೆಸ್ಟ್‌ನ ಫಾರ್ಮ್‌ಐಡಿ (ಪ್ಲಗಿನ್‌ನ ಪ್ರತಿ ರೆಕಾರ್ಡ್‌ಗಿರುವ ಗುರುತು ಸಂಖ್ಯೆ) ಇರುವ ಪುಟ್ಟ ಫೈಲ್ ಒಂದು ಡೇಟಾ\ಸೆಕ್ ಒಳಗೆ, ಪ್ಲಗಿನ್‌ನದೇ ಹೆಸರಿನಲ್ಲಿ, ಎಸ್‌ಇಕ್ಯು ಎಕ್ಸ್‌ಟೆನ್ಷನ್‌ನೊಂದಿಗೆ ಇರಬೇಕು. ಇಲ್ಲದಿದ್ದರೆ ಮಾಡ್ ಹೊಸದಾಗಿ ಹಾಕಿದ ಆಟದಲ್ಲಿ ಆ ಮಾತುಗಳು ಬರುವುದಿಲ್ಲ. ಪರೀಕ್ಷೆ ಸುಲಭ: ಆ ಇನ್ನೊಂದು ಕಂಪ್ಯೂಟರ್‌ನಲ್ಲಿ ಒಮ್ಮೆ ಸೇವ್ ಮಾಡಿ, ಅದೇ ಸೇವ್ ಅನ್ನು ಮತ್ತೆ ಲೋಡ್ ಮಾಡಿ. ಆಯ್ಕೆಗಳು ತಟ್ಟನೆ ಕಾಣಿಸಿಕೊಂಡರೆ ಕಾರಣ ಇದೇ. ನಿಮ್ಮ ಕಂಪ್ಯೂಟರ್‌ನಲ್ಲಿ ಇದು ಕಾಣದಿರುವುದಕ್ಕೂ ಅದೇ ಉತ್ತರ, ಮಾಡ್ ಬರೆಯುವವರು ಒಂದೇ ಸೇವ್ ಅನ್ನು ಪದೇಪದೇ ಲೋಡ್ ಮಾಡುತ್ತಲೇ ಇರುತ್ತಾರೆ.

ಮಾಡುವ ದಾರಿ: ಎಸ್‌ಎಸ್‌ಇಎಡಿಟ್ ಎಂಬ ಪ್ಲಗಿನ್ ತಿದ್ದುವ ಸಾಧನದಲ್ಲಿ ಪ್ಲಗಿನ್ ತೆರೆದು, ಅದರ ಮೇಲೆ ಬಲ ಕ್ಲಿಕ್ ಮಾಡಿ, ಅದರ್ ಒಳಗಿನ ಕ್ರಿಯೇಟ್ ಸೆಕ್ ಫೈಲ್ ಆಯ್ದುಕೊಳ್ಳಿ. ಬಂದ ಫೈಲ್ ಅನ್ನು ಅಸೆಟ್ಸ್‌ನ ಸೆಕ್ ಫೋಲ್ಡರ್‌ಗೆ ತಂದಿಡಿ, ಆಮೇಲೆ ಬ್ಯಾಚ್ ಫೈಲ್ ಅದನ್ನು ಸ್ಟೇಜ್‌ಗೆ ಒಯ್ಯುತ್ತದೆ. ಅಂಥ ಹೊಸ ಕ್ವೆಸ್ಟ್ ಸೇರಿಸಿದಾಗಲೆಲ್ಲ ಮತ್ತೆ ಮಾಡಬೇಕು.

ಧ್ವನಿಯ ವಿಷಯ: -ಝಡ್ ತೆಗೆಯಿರಿ. ಕಂಪ್ರೆಸ್ ಆದ ಬಿಎಸ್‌ಎಯಿಂದ ವೇವ್, ಎಕ್ಸ್‌ಡಬ್ಲ್ಯುಎಂ, ಫಜ್ ಎಂಬ ಧ್ವನಿ ಫೈಲ್‌ಗಳನ್ನು ಆಟ ಸರಿಯಾಗಿ ನುಡಿಸುವುದಿಲ್ಲ. ಧ್ವನಿ ಸಿಗದಿದ್ದಾಗ ಆ ಮಾತಿಗೆ ಅವಧಿಯೇ ಇಲ್ಲವೆಂದು ತಿಳಿದು ಸಬ್‌ಟೈಟಲ್ ಕೂಡಲೇ ದಾಟಿಹೋಗುತ್ತದೆ, ನೀವು ಹೇಳಿದ ಮಿಂಚು ಅದು. ಸ್ಪೆಷಲ್ ಎಡಿಷನ್‌ನಲ್ಲಿ ಒಂದು ಪ್ಲಗಿನ್‌ಗೆ ಎರಡು ಬಿಎಸ್‌ಎ ತಾನಾಗಿ ಲೋಡ್ ಆಗುತ್ತವೆ: ಒಂದು ಪ್ಲಗಿನ್‌ನದೇ ಹೆಸರಿನದು, ಇನ್ನೊಂದು ಆ ಹೆಸರಿನ ನಂತರ ಖಾಲಿ ಜಾಗ, ಹೈಫನ್, ಖಾಲಿ ಜಾಗ, ಟೆಕ್ಸ್‌ಚರ್ಸ್ ಎಂದಿರುವುದು. ಮುಖ್ಯದ್ದನ್ನು ಕಂಪ್ರೆಸ್ ಮಾಡದೆ ಕಟ್ಟಿ, ಟೆಕ್ಸ್‌ಚರ್ ಇರುವುದನ್ನು ಮಾತ್ರ ಕಂಪ್ರೆಸ್ ಮಾಡಿ. ಜಾಗ ಉಳಿಯುವುದೂ ಅಲ್ಲೇ.

ಬಿಎಸ್‌ಆರ್ಚ್ ಪ್ಯಾಕ್ "ಸ್ಟೇಜ್\ಮುಖ್ಯ" "ಡಿಸ್ಟ್\ನನ್ನಮಾಡ್.ಬಿಎಸ್‌ಎ" -ಎಸ್‌ಎಸ್‌ಇ -ಎಂಟಿ
ಬಿಎಸ್‌ಆರ್ಚ್ ಪ್ಯಾಕ್ "ಸ್ಟೇಜ್\ಚಿತ್ರ" "ಡಿಸ್ಟ್\ನನ್ನಮಾಡ್ - ಟೆಕ್ಸ್‌ಚರ್ಸ್.ಬಿಎಸ್‌ಎ" -ಎಸ್‌ಎಸ್‌ಇ -ಝಡ್ -ಎಂಟಿ

-ಎಂಟಿ ಎಂದರೆ ಹಲವು ಥ್ರೆಡ್‌ಗಳಲ್ಲಿ ಕೆಲಸ ಮಾಡು ಎಂದು. ಇದರಿಂದ ಬೇಗ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ. -ಎಸ್‌ಎಸ್‌ಇ ಮಾತ್ರ ಕಡ್ಡಾಯ. ಮೂಲ ಸ್ಕೈರಿಮ್‌ನ ಬಿಎಸ್‌ಎ ಆವೃತ್ತಿ 104, ಕಂಪ್ರೆಷನ್ ಝಡ್‌ಲಿಬ್. ಸ್ಪೆಷಲ್ ಎಡಿಷನ್‌ನದು 105, ಎಲ್‌ಝಡ್4. ಹಳೆಯ ಬಗೆಯದನ್ನು ಕಟ್ಟಿ ಹೊಸದಕ್ಕೆ ಕೊಟ್ಟರೆ ಆಟ ತೆರೆಯುವ ಹೊತ್ತಿಗೇ ಕ್ರ್ಯಾಶ್ ಆಗಬಹುದು. ಒಂದೊಂದು ಬಿಎಸ್‌ಎ 2 ಜಿಬಿ ದಾಟದಂತೆಯೂ ನೋಡಿಕೊಳ್ಳಿ.

---

ಬೂದುಗುಬ್ಬಿ

-ಐ ಕ್ರಮ ಬದಲಿಸಿದ ಮೇಲೆ ಒಂಬತ್ತೂ ಕಂಪೈಲ್ ಆಗಿವೆ. ಸೆಕ್ ಫೈಲ್ ಹಾಕಿದ ಮೇಲೆ ಮಾತೂ ಬರುತ್ತಿದೆ. ಎಲ್ಲರಿಗೂ ಧನ್ಯವಾದ.

ಹೊಸ ರಚನೆಯಂತೆ ಸ್ಟೇಜ್ ಮಾಡಿ ಎರಡು ಬಿಎಸ್‌ಎ ಕಟ್ಟಿದೆ. ಬಿಡಿ ಪಿಇಎಕ್ಸ್‌ಗಳನ್ನೆಲ್ಲ ಅಳಿಸಿ ಆಟ ತೆರೆದರೆ ಈಗ ನನ್ನ ಒಂದು ಸ್ಕ್ರಿಪ್ಟ್ ಕೂಡ ಓಡುತ್ತಿಲ್ಲ. ಪಪೈರಸ್ ಲಾಗ್‌ನಲ್ಲಿ ಪ್ರತಿ ಸ್ಕ್ರಿಪ್ಟ್ ಹೆಸರಿಗೂ "ಕ್ಯಾನಾಟ್ ಓಪನ್ ಸ್ಟೋರ್ ಫಾರ್ ಕ್ಲಾಸ್, ಮಿಸ್ಸಿಂಗ್ ಫೈಲ್?" ಎಂದು ಬಂದಿದೆ. ಬಿಎಸ್‌ಎ ಗಾತ್ರ ಸರಿಯಾಗಿಯೇ ಇದೆ, ಫೈಲ್‌ಗಳು ಒಳಗಿವೆ. ಮೊದಲು ಆಟದ ಫೋಲ್ಡರ್‌ನಂತೆಯೇ ಇರಲಿ ಎಂದು ಸ್ಟೇಜ್\ಮುಖ್ಯದೊಳಗೆ ಡೇಟಾ ಎಂಬ ಫೋಲ್ಡರ್ ಮಾಡಿ, ಅದರೊಳಗೆ ಸ್ಕ್ರಿಪ್ಟ್ಸ್ ಮುಂತಾದವನ್ನು ಇಟ್ಟಿದ್ದೇನೆ.

---

ಹಳೇಕೊಡಲಿ

ಆ ಡೇಟಾ ಫೋಲ್ಡರೇ ಕಾರಣ. ಬಿಎಸ್‌ಎ ಒಳಗಿನ ಪಾಥ್‌ಗಳು ಡೇಟಾ ಫೋಲ್ಡರ್‌ನ ಒಳಗಿನಿಂದ ಎಣಿಸಿದಂಥವು. ಆಟ ಹುಡುಕುವುದು ಸ್ಕ್ರಿಪ್ಟ್ಸ್\ಹೆಸರು.ಪಿಇಎಕ್ಸ್. ನಿಮ್ಮ ಬಿಎಸ್‌ಎಯಲ್ಲಿರುವುದು ಡೇಟಾ\ಸ್ಕ್ರಿಪ್ಟ್ಸ್\ಹೆಸರು.ಪಿಇಎಕ್ಸ್. ಫೈಲ್ ಒಳಗಿದೆ, ವಿಳಾಸ ಬೇರೆ. ಬಿಎಸ್‌ಆರ್ಚ್‌ಗೆ ಕೊಡುವ ಫೋಲ್ಡರ್ ತೆರೆದ ಕೂಡಲೇ ಸ್ಕ್ರಿಪ್ಟ್ಸ್, ಮೆಶಸ್, ಸೌಂಡ್ ಕಾಣಬೇಕು. ಅವುಗಳ ಪಕ್ಕದಲ್ಲಿ ಯಾವ ಫೈಲೂ ಒಂಟಿಯಾಗಿ ಬಿದ್ದಿರಬಾರದು, ಬಿಎಸ್‌ಎಯಲ್ಲಿ ಪ್ರತಿ ಫೈಲೂ ಒಂದು ಫೋಲ್ಡರ್‌ಗೆ ಸೇರಿಯೇ ಇರಬೇಕು. ಇಎಸ್‌ಪಿ ಅಂತೂ ಬಿಎಸ್‌ಎ ಒಳಗೆ ಹೋಗುವಂತಿಲ್ಲ, ಅದು ಯಾವಾಗಲೂ ಹೊರಗೆ.

ಕಟ್ಟಿದ ಮೇಲೆ ಒಳಗೇನಿದೆ ಎಂದು ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ:

ಬಿಎಸ್‌ಆರ್ಚ್ "ಡಿಸ್ಟ್\ನನ್ನಮಾಡ್.ಬಿಎಸ್‌ಎ" -ಲಿಸ್ಟ್

ಪ್ರತಿ ಸಾಲೂ ಸ್ಕ್ರಿಪ್ಟ್ಸ್, ಮೆಶಸ್, ಸೌಂಡ್, ಸೆಕ್, ಇಂಟರ್‌ಫೇಸ್ ಇವುಗಳಲ್ಲೊಂದರಿಂದ ಶುರುವಾಗಬೇಕು. ಸ್ಕ್ರಿಪ್ಟ್ಸ್ ಅಡಿ ನಿಮ್ಮ ಒಂಬತ್ತೇ ಇರಬೇಕು. ಹತ್ತನೆಯದು ಕಂಡರೆ ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಹಂಚಬೇಡಿ. ಎಸ್‌ಕೆಎಸ್‌ಇ ಮತ್ತು ಸ್ಕೈಯುಐನ ಪಿಇಎಕ್ಸ್‌ಗಳೂ ಅಲ್ಲಿರಕೂಡದು. ಅವುಗಳ ಸೋರ್ಸ್ ನಿಮಗೆ ಬೇಕಾದದ್ದು ಕಂಪೈಲ್ ಮಾಡುವಾಗ ಮಾತ್ರ, ಓಡುವಾಗಿನದನ್ನು ಬಳಸುವವರು ತಾವೇ ಇನ್‌ಸ್ಟಾಲ್ ಮಾಡಿಕೊಂಡಿರುತ್ತಾರೆ. ಮಾಡಿಕೊಂಡಿರದಿದ್ದರೆ ಅವರ ಲಾಗ್‌ನಲ್ಲಿ "ಅನ್‌ಬೌಂಡ್ ನೇಟಿವ್ ಫಂಕ್ಷನ್" ಎಂಬ ಸಾಲುಗಳು ಬರುತ್ತವೆ, ದೂರು ಬಂದಾಗ ಮೊದಲು ಅದನ್ನೇ ಹುಡುಕಿ.

ಲಾಗ್ ಎಲ್ಲಿದೆ ಎಂದು ಈ ಎಳೆ ಓದುವ ಇತರರಿಗೂ ಹೇಳುತ್ತೇನೆ. ಡಾಕ್ಯುಮೆಂಟ್ಸ್\ಮೈ ಗೇಮ್ಸ್\ಸ್ಕೈರಿಮ್ ಸ್ಪೆಷಲ್ ಎಡಿಷನ್ ಒಳಗಿನ ಸ್ಕೈರಿಮ್.ಐಎನ್‌ಐನಲ್ಲಿ ಪಪೈರಸ್ ವಿಭಾಗದಡಿ ಬಿಎನೇಬಲ್‌ಲಾಗಿಂಗ್, ಬಿಎನೇಬಲ್‌ಟ್ರೇಸ್, ಬಿಲೋಡ್‌ಡೀಬಗ್‌ಇನ್ಫರ್ಮೇಷನ್ ಮೂರನ್ನೂ 1 ಮಾಡಿ. ಲಾಗ್ ಅಲ್ಲೇ ಲಾಗ್ಸ್\ಸ್ಕ್ರಿಪ್ಟ್ ಒಳಗೆ ಪಪೈರಸ್.0.ಲಾಗ್ ಎಂದು ಬರುತ್ತದೆ. ಮಾಡ್ ಆರ್ಗನೈಸರ್‌ನಲ್ಲಿ ಪ್ರೊಫೈಲ್‌ಗೆ ಸ್ವಂತ ಐಎನ್‌ಐ ಇದ್ದರೆ ಬದಲಾಯಿಸಬೇಕಾದದ್ದು ಅದನ್ನು. ಪರೀಕ್ಷೆ ಮುಗಿದ ಮೇಲೆ ಮತ್ತೆ 0 ಮಾಡಿ.

ಪರೀಕ್ಷೆ ಹೊಸ ಆಟದಲ್ಲೇ ಆಗಲಿ. ಮಾಡ್ ಒಮ್ಮೆ ಓಡಿದ ಸೇವ್‌ನಲ್ಲಿ ಸ್ಕ್ರಿಪ್ಟ್‌ನ ವೇರಿಯಬಲ್ ಮತ್ತು ಪ್ರಾಪರ್ಟಿಗಳ ಬೆಲೆ ಉಳಿದುಬಿಟ್ಟಿರುತ್ತದೆ. ಪ್ಲಗಿನ್‌ನಲ್ಲಿ ಪ್ರಾಪರ್ಟಿ ಬದಲಿಸಿದ್ದು ಅಂಥ ಸೇವ್‌ನಲ್ಲಿ ಕಾಣದೆ ಪ್ಯಾಕಿಂಗ್ ಮೇಲೆ ಸುಮ್ಮನೆ ಸಂಶಯ ಬರುತ್ತದೆ.

---

ಅಡ್ಡಗೆರೆ

ಹಂಚುವ ಮೊದಲು ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಇನ್ನೂ ಯಾರೂ ಹೇಳಿಲ್ಲ. ಈ ಕಂಪೈಲರ್ ತಯಾರಿಸುವ ಪ್ರತಿ ಪಿಇಎಕ್ಸ್‌ನ ತಲೆಭಾಗದಲ್ಲಿ ಸೋರ್ಸ್ ಫೈಲ್‌ನ ಹೆಸರು, ವಿಂಡೋಸ್‌ನ ಬಳಕೆದಾರ ಹೆಸರು, ಕಂಪ್ಯೂಟರ್‌ನ ಹೆಸರು ಮೂರೂ ಸಾದಾ ಅಕ್ಷರಗಳಲ್ಲಿ ಇರುತ್ತವೆ. ಯಾವುದೇ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಮೊದಲ ಕೆಲವು ಸಾಲಿನಲ್ಲೇ ಕಾಣುತ್ತದೆ. ನಿಮ್ಮ ವಿಂಡೋಸ್ ಖಾತೆ ನಿಮ್ಮ ಪೂರ್ಣ ಹೆಸರಿನಲ್ಲಿದ್ದರೆ, ಮಾಡ್ ಇಳಿಸಿಕೊಂಡ ಪ್ರತಿಯೊಬ್ಬರ ಕೈಗೂ ಆ ಹೆಸರು ಹೋಯಿತೆಂದೇ ಅರ್ಥ. ಅಡ್ಡಹೆಸರಿನಲ್ಲಿ ಮಾಡ್ ಹಂಚುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪರಿಹಾರ ಮೂರು ಬಗೆ. ಕಂಪೈಲ್ ಮಾಡುವುದಕ್ಕೆಂದೇ ಬೇರೆ ಹೆಸರಿನ ವಿಂಡೋಸ್ ಖಾತೆ ಇಟ್ಟುಕೊಳ್ಳಬಹುದು, ಆದರೆ ಕಂಪ್ಯೂಟರ್ ಹೆಸರು ಆಗಲೂ ಉಳಿಯುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ ಅಳಿಸಬಹುದು, ಆದರೆ ಪ್ರತಿ ಹೆಸರಿಗಿಂತ ಮೊದಲು ಅದರ ಉದ್ದವನ್ನು ಹೇಳುವ ಎರಡು ಬೈಟ್‌ಗಳಿವೆ. ಅಕ್ಷರಗಳ ಸಂಖ್ಯೆ ಬದಲಾಗದಂತೆ ಅದೇ ಉದ್ದದ ಬೇರೆ ಅಕ್ಷರ ತುಂಬಬೇಕು, ಒಂದು ಬೈಟ್ ಹೆಚ್ಚುಕಡಿಮೆ ಆದರೂ ಫೈಲ್ ಓದಲಾಗದಂತೆ ಕೆಡುತ್ತದೆ. ಮೂರನೆಯದು ಪೈರೋ ಎಂಬ ಉಚಿತ ಸಾಧನ. ಅದು ಇದೇ ಕಂಪೈಲರ್ ಅನ್ನು ಕರೆದು ಕೆಲಸ ಮಾಡಿಸಿ, ಅನಾನಿಮೈಜ್ ಆಯ್ಕೆ ಕೊಟ್ಟರೆ ಈ ಹೆಸರುಗಳನ್ನು ತಾನೇ ಅಳಿಸುತ್ತದೆ. ಪಿಪಿಜೆ ಎಂಬ ಎಕ್ಸ್‌ಎಂಎಲ್ ಫೈಲ್ ಒಂದರಲ್ಲಿ ಇಂಪೋರ್ಟ್ ಫೋಲ್ಡರ್‌ಗಳು, ಔಟ್‌ಪುಟ್, ಬಿಎಸ್‌ಎ, ಕೊನೆಯ ಜಿಪ್ ಎಲ್ಲವನ್ನೂ ಬರೆದಿಡಬಹುದು. ಬದಲಾದ ಸ್ಕ್ರಿಪ್ಟ್ ಮಾತ್ರ ಮತ್ತೆ ಕಂಪೈಲ್ ಮಾಡುವುದೂ ಅದಕ್ಕೆ ಗೊತ್ತು. ಒಂಬತ್ತು ಸ್ಕ್ರಿಪ್ಟ್‌ಗೆ ಬ್ಯಾಚ್ ಫೈಲ್ ಸಾಕು, ಐವತ್ತು ದಾಟಿದರೆ ಪೈರೋಗೆ ಬದಲಾಯಿಸಿಕೊಳ್ಳಿ.

ಪಿಎಸ್‌ಸಿಗಳನ್ನೂ ಹಂಚಿ ಎಂದು ಕೇಳಿಕೊಳ್ಳುತ್ತೇನೆ. ಪಿಇಎಕ್ಸ್ ಇಂದ ಸೋರ್ಸ್ ಮರಳಿ ಪಡೆಯುವ ಶಾಂಪೋಲಿಯಾನ್ ಎಂಬ ಸಾಧನ ಹೇಗೂ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕೊಟ್ಟರೆ ಹೊಂದಾಣಿಕೆಯ ಪ್ಯಾಚ್ ಬರೆಯುವವರಿಗೆ ನಿಮ್ಮ ಟಿಪ್ಪಣಿಗಳ ಸಮೇತ ಸಿಗುತ್ತದೆ. ಸೋರ್ಸ್\ಸ್ಕ್ರಿಪ್ಟ್ಸ್ ಒಳಗೆ ನಿಮ್ಮವನ್ನು ಮಾತ್ರ ಇಡಿ, ಆಟದ ಮೂಲ ಪಿಎಸ್‌ಸಿಗಳನ್ನಲ್ಲ.

ಎಂಸಿಎಂ ಇದೆಯಲ್ಲ, ಅನುವಾದ ಫೈಲ್ ಪರಿಶೀಲಿಸಿ. ಅದು ಇಂಟರ್‌ಫೇಸ್\ಟ್ರಾನ್ಸ್‌ಲೇಷನ್ಸ್ ಒಳಗೆ, ಪ್ಲಗಿನ್ ಹೆಸರು, ಅಡಿಗೆರೆ, ಭಾಷೆಯ ಹೆಸರು ಎಂಬ ಕ್ರಮದಲ್ಲಿ ಇರಬೇಕು, ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ, ಬಿಒಎಂ (ಫೈಲ್‌ನ ಆರಂಭದಲ್ಲಿ ಎನ್‌ಕೋಡಿಂಗ್ ಹೇಳುವ ಗುರುತು) ಸಹಿತ. ಯುಟಿಎಫ್-8ರಲ್ಲಿ ಉಳಿಸಿದರೆ ಮೆನುವಿನಲ್ಲಿ ಪದಗಳ ಬದಲು ಡಾಲರ್ ಚಿಹ್ನೆಯ ಕೀಲಿಗಳೇ ಕಾಣುತ್ತವೆ. ಕೀಲಿ ಮತ್ತು ಪದದ ನಡುವೆ ಟ್ಯಾಬ್ ಇರಬೇಕು, ಖಾಲಿ ಜಾಗವಲ್ಲ. ಹಲವು ಎಡಿಟರ್‌ಗಳು ಟ್ಯಾಬ್ ಅನ್ನು ತಾವಾಗಿ ಖಾಲಿ ಜಾಗವಾಗಿ ಬದಲಿಸುತ್ತವೆ.

ಕೊನೆಯ ಹೆಜ್ಜೆ 7ಝಡ್ ಆರ್ಕೈವ್‌ನದು. ಡಿಸ್ಟ್ ಫೋಲ್ಡರ್ ಅನ್ನಲ್ಲ, ಅದರ ಒಳಗಿನದನ್ನು ಸೇರಿಸಿ. ಆರ್ಕೈವ್ ತೆರೆದಾಗ ಇಎಸ್‌ಪಿ ಮೊದಲ ಹಂತದಲ್ಲೇ ಕಾಣಬೇಕು.

---

ಬೂದುಗುಬ್ಬಿ

ಡೇಟಾ ಫೋಲ್ಡರ್ ತೆಗೆದ ಮೇಲೆ ಎಲ್ಲ ಸ್ಕ್ರಿಪ್ಟ್ ಓಡುತ್ತಿವೆ, ಧ್ವನಿಯೂ ಬಂತು. ಪಿಇಎಕ್ಸ್‌ನಲ್ಲಿ ಹೆಸರು ನಿಜಕ್ಕೂ ಇತ್ತು, ಪೈರೋ ಹಾಕಿಕೊಳ್ಳುತ್ತೇನೆ.

ಒಂದು ಕೊನೆಯ ಪ್ರಶ್ನೆ. ಹಂಚುವ ಮುನ್ನ ಪ್ಲಗಿನ್‌ನ ಹೆಸರು ಬದಲಿಸಿ, ಇಎಸ್‌ಎಲ್ ಫ್ಲ್ಯಾಗ್ (ಹಗುರ ಪ್ಲಗಿನ್ ಎಂಬ ಗುರುತು) ಕೂಡ ಹಾಕಬೇಕೆಂದಿದೆ, ಲೋಡ್ ಆರ್ಡರ್‌ನಲ್ಲಿ (ಆಟ ಲೋಡ್ ಮಾಡುವ ಪ್ಲಗಿನ್‌ಗಳ ಪಟ್ಟಿ) ಒಂದು ಜಾಗ ಉಳಿಯುತ್ತದೆ ಎಂದು. ಇದರಿಂದ ಪ್ಯಾಕಿಂಗ್‌ನಲ್ಲಿ ಏನಾದರೂ ಬದಲಾಗುತ್ತದೆಯೇ?

---

ನೀಲಿಕಲ್ಲು

ಬದಲಾಗುತ್ತದೆ, ಬಹಳವೇ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಹೆಸರು ಬದಲಿಸಿದರೆ: ಎರಡೂ ಬಿಎಸ್‌ಎಗಳ ಹೆಸರು, ಸೆಕ್ ಫೈಲ್‌ನ ಹೆಸರು, ಅನುವಾದ ಫೈಲ್‌ನ ಹೆಸರು ಅದರ ಜೊತೆಗೇ ಬದಲಾಗಬೇಕು. ಧ್ವನಿ ಫೈಲ್‌ಗಳು ಇರುವುದು ಸೌಂಡ್\ವಾಯ್ಸ್ ಒಳಗೆ ಪ್ಲಗಿನ್‌ನ ಹೆಸರಿನದೇ ಫೋಲ್ಡರ್‌ನಲ್ಲಿ, ಇಎಸ್‌ಪಿ ಎಂಬ ಎಕ್ಸ್‌ಟೆನ್ಷನ್ ಕೂಡ ಸೇರಿ. ಪಾತ್ರದ ಮುಖದ ಮೆಶ್ ಮತ್ತು ಟೆಕ್ಸ್‌ಚರ್ ಇರುವ ಫೇಸ್‌ಜೆನ್‌ಡೇಟಾ ಫೋಲ್ಡರ್‌ಗಳಿಗೂ ಇದೇ ನಿಯಮ. ಒಂದು ತಪ್ಪಿದರೂ ಪಾತ್ರ ಮೂಕವಾಗುತ್ತದೆ, ಇಲ್ಲವೇ ಮುಖ ಕಪ್ಪಾಗುತ್ತದೆ. ಹೆಸರನ್ನು ಬ್ಯಾಚ್ ಫೈಲ್‌ನ ಮೊದಲ ಸಾಲಿನಲ್ಲಿ ಒಂದೇ ವೇರಿಯಬಲ್ ಆಗಿ ಇಟ್ಟು, ಈ ಎಲ್ಲ ಫೋಲ್ಡರ್‌ಗಳನ್ನೂ ಸ್ಟೇಜ್‌ಗೆ ನಕಲಿಸುವಾಗ ಅದರಿಂದಲೇ ಹೆಸರಿಸಿದರೆ ಒಂದೂ ತಪ್ಪುವುದಿಲ್ಲ.

ಇಎಸ್‌ಎಲ್ ಫ್ಲ್ಯಾಗ್: ಹಳೆಯ ಮಿತಿಯಲ್ಲಿ ಹೊಸ ರೆಕಾರ್ಡ್‌ಗಳ ಫಾರ್ಮ್‌ಐಡಿ ಹೆಕ್ಸ್ ಸಂಖ್ಯೆಯಲ್ಲಿ 800ರಿಂದ ಎಫ್‌ಎಫ್‌ಎಫ್‌ವರೆಗೆ ಮಾತ್ರ ಇರಬೇಕು, ಅಂದರೆ 2048. 2023ರ ಡಿಸೆಂಬರ್‌ನ 1.6.1130 ಆವೃತ್ತಿಯಿಂದ 000ದಿಂದಲೇ ಬಳಸಬಹುದು, 4096 ಸಿಗುತ್ತವೆ, ಆದರೆ ಆಗ ಪ್ಲಗಿನ್‌ನ ಹೆಡರ್ ಆವೃತ್ತಿ 1.71 ಆಗುತ್ತದೆ. ಹಳೆಯ ಆಟ ಇಟ್ಟುಕೊಂಡವರಿಗೆ ಅದಕ್ಕೆಂದೇ ಇರುವ ಬೀಸ್ ಎಂಬ ಪ್ಲಗಿನ್ ಬೇಕಾಗುತ್ತದೆ. ನಿಮ್ಮದು ಸಣ್ಣ ಮಾಡ್, 2048ರೊಳಗೇ ಇಟ್ಟು ಹೆಡರ್ 1.70 ಉಳಿಸಿಕೊಳ್ಳಿ.

ಫಾರ್ಮ್‌ಐಡಿಗಳು ಈಗಾಗಲೇ ಆ ವ್ಯಾಪ್ತಿಯಲ್ಲಿದ್ದರೆ ಫ್ಲ್ಯಾಗ್ ಮಾತ್ರ ಹಾಕಿದರೆ ಮುಗಿಯಿತು, ಪ್ಯಾಕಿಂಗ್‌ನಲ್ಲಿ ಏನೂ ಬದಲಾಗುವುದಿಲ್ಲ. ಎಸ್‌ಎಸ್‌ಇಎಡಿಟ್‌ನಲ್ಲಿ ಕಾಂಪ್ಯಾಕ್ಟ್ ಫಾರ್ಮ್‌ಐಡಿಸ್ ಮಾಡಬೇಕಾಗಿ ಬಂದರೆ ಐಡಿಗಳೇ ಬದಲಾಗುತ್ತವೆ, ಆಗ ಕೆಲಸ ಹೆಚ್ಚು. ಧ್ವನಿ ಫೈಲ್‌ನ ಹೆಸರಿನಲ್ಲಿ ಆ ಮಾತಿನ ಫಾರ್ಮ್‌ಐಡಿ ಇದೆ, ಫೇಸ್‌ಜೆನ್ ಫೈಲ್‌ನ ಹೆಸರೇ ಪಾತ್ರದ ಫಾರ್ಮ್‌ಐಡಿ. ಅವನ್ನೆಲ್ಲ ಹೊಸ ಐಡಿಗೆ ಮರುಹೆಸರಿಸಬೇಕು. ಸೆಕ್ ಫೈಲ್ ಮತ್ತೆ ಸೃಷ್ಟಿಸಬೇಕು. ನಿಮ್ಮ ಪಿಎಸ್‌ಸಿಗಳಲ್ಲಿ ಗೆಟ್‌ಫಾರ್ಮ್‌ಫ್ರಮ್‌ಫೈಲ್ ಎಂದು ಎಲ್ಲಾದರೂ ಬರೆದಿದ್ದರೆ ಅಲ್ಲಿರುವ ಐಡಿಯನ್ನೂ ಪ್ಲಗಿನ್ ಹೆಸರನ್ನೂ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಇದನ್ನು ಕಂಪೈಲರ್ ಹಿಡಿಯುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಅವು ಬರೀ ಒಂದು ಸಂಖ್ಯೆ, ಒಂದು ಸ್ಟ್ರಿಂಗ್. ಆಟದಲ್ಲಿ ಮಾತ್ರ "ನನ್" (ಏನೂ ಸಿಗಲಿಲ್ಲ ಎಂಬ ಬೆಲೆ) ಹಿಂತಿರುಗುತ್ತದೆ. ಸ್ಕ್ರಿಪ್ಟ್ ಪ್ರಾಪರ್ಟಿಗಳ ಮೂಲಕ ಜೋಡಿಸಿದವುಗಳ ಚಿಂತೆ ಬೇಡ, ಅವನ್ನು ಎಸ್‌ಎಸ್‌ಇಎಡಿಟ್ ಪ್ಲಗಿನ್ ಒಳಗೆ ತಾನೇ ಸರಿಪಡಿಸುತ್ತದೆ.

ಮಾಡ್ ಒಮ್ಮೆ ಹಂಚಿದ ಮೇಲೆ ಕಾಂಪ್ಯಾಕ್ಟ್ ಮಾಡಿದರೆ ಬಳಸುತ್ತಿರುವವರ ಸೇವ್‌ಗಳು ಹಳೆಯ ಐಡಿಗಳನ್ನೇ ಹುಡುಕುತ್ತವೆ. ಹಾಗಾಗಿ ಹೆಸರು ಬದಲಿಸುವುದು, ಕಾಂಪ್ಯಾಕ್ಟ್ ಮಾಡುವುದು ಎರಡನ್ನೂ ಈಗಲೇ, ಮೊದಲ ಬಿಡುಗಡೆಗೆ ಮುನ್ನವೇ ಮುಗಿಸಿ. ಮೊದಲು ಹೆಸರು, ಆಮೇಲೆ ಕಾಂಪ್ಯಾಕ್ಟ್, ಆಮೇಲೆ ಸೆಕ್, ಅದಾದ ಮೇಲೆ ಬ್ಯಾಚ್ ಫೈಲ್ ಓಡಿಸಿ.